ಬರಕ್ಕೆ ಮೊದಲೇ ಬರೆದಿಟ್ಟ ಕಲ್ಲುಗಳು: ಕೋಠಾರ, ಕೆರೆ, ಕೊಡಗೆ ಮತ್ತು ಹಗೇವು

ಶಾಸನ ಅಂದಕೂಡಲೇ ನಮ್ಮಲ್ಲಿ ಬಹುತೇಕರಿಗೆ ನೆನಪಾಗೋದು ರಾಜನ ಬಿರುದು, ಯುದ್ಧ, ದೇವಸ್ಥಾನಕ್ಕೆ ಬಿಟ್ಟ ದತ್ತಿ. ಇವೆಲ್ಲ ಇರುವುದು ನಿಜ. ಆದರೆ ಕೆರೆ ಏರಿಯ ಮೇಲೋ ತೂಬಿನ ಪಕ್ಕದಲ್ಲೋ ನಿಂತ ಕಲ್ಲುಗಳನ್ನು ಸಾಲಾಗಿ ಇಟ್ಟುಕೊಂಡು ಓದಿದರೆ ಇನ್ನೊಂದು ಪ್ರಶ್ನೆಗೆ ಉತ್ತರ ಸಿಗುತ್ತದೆ. ಮಳೆ ಕೈಕೊಟ್ಟರೆ, ಏರಿ ಒಡೆದರೆ, ದನ ಹೊಡೆದುಕೊಂಡು ಹೋದರೆ, ಮನೆಯ ಯಜಮಾನ ಸತ್ತರೆ ಊರಿನವರು ಏನು ಮಾಡುತ್ತಿದ್ದರು? ಆಪತ್ತು ಬರುವುದಕ್ಕೆ ಮೊದಲು ಏನು ಮಾಡಿಟ್ಟಿರುತ್ತಿದ್ದರು?

ಈಗ ಹಳ್ಳಿ ಮನೆಯ ಸ್ವಾವಲಂಬನೆ ಅಂತ ಮಾತಾಡುವಾಗ ನಾವು ಸಾಮಾನ್ಯವಾಗಿ ಏನೇನು ಕೂಡಿಡಬೇಕು ಅನ್ನೋದರಿಂದ ಶುರು ಮಾಡುತ್ತೇವೆ. ಇಷ್ಟು ಮೂಟೆ ಧಾನ್ಯ, ಇಷ್ಟು ಸೌದೆ, ಇಷ್ಟು ನೀರು. ಶಾಸನಗಳು ಶುರು ಮಾಡುವುದು ಬೇರೆ ಕಡೆಯಿಂದ. ಕೂಡಿಟ್ಟದ್ದನ್ನು ಕಾಯುವವರು ಯಾರು, ಅವರ ಹೊಟ್ಟೆಪಾಡು ಯಾವುದರಿಂದ, ಕೆಟ್ಟರೆ ಸರಿಮಾಡುವ ಖರ್ಚು ಯಾರದು? ಈ ಮೂರು ಮಾತು ಇತ್ಯರ್ಥವಾಗದಿದ್ದರೆ ಕೂಡಿಟ್ಟದ್ದು ನಿಲ್ಲೋದಿಲ್ಲ ಅನ್ನುವುದು ಈ ಕಲ್ಲುಗಳ ಅನುಭವ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ತುರ್ತಿಗೆ ಮಾತ್ರ

ಮೊದಲು ಉತ್ತರಕ್ಕೆ ಹೋಗಿ ಬರೋಣ. ಯಾಕೆಂದರೆ ಭಾರತದ ಅತಿ ಹಳೆಯ ಬರಹಗಳಲ್ಲೇ ಎರಡು ನೇರವಾಗಿ ಈ ವಿಷಯದ ಮೇಲಿವೆ.

ಉತ್ತರ ಪ್ರದೇಶದ ಗೋರಖಪುರ ಜಿಲ್ಲೆಯ ಸೊಹಗೌರಾದಲ್ಲಿ ಸಿಕ್ಕ ಪುಟ್ಟ ಲೋಹದ ಫಲಕ ಒಂದು. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ, ನಾಲ್ಕೇ ಸಾಲು. ಶ್ರಾವಸ್ತಿಯ ಮಹಾಮಾತ್ರರ ಆಜ್ಞೆ ಇದು. ಎರಡು ಕೋಠಾರಗಳ ವಿಷಯ ಹೇಳುತ್ತದೆ. ಅಲ್ಲಿರುವುದು ತುರ್ತಿಗೆ, ಉಳಿದಂತೆ ಮುಟ್ಟಬಾರದು ಎಂಬುದು ಅದರ ಕೊನೆಯ ಮಾತಿನ ತಾತ್ಪರ್ಯ. ಫಲಕದ ಮೇಲ್ಭಾಗದಲ್ಲಿ ಕಂಬಗಳ ಮೇಲೆ ನಿಂತ ಎರಡು ಕಟ್ಟಡಗಳ ಚಿತ್ರ ಇದೆ. ಅವೇ ಆ ಕೋಠಾರಗಳು ಅಂತ ವಿದ್ವಾಂಸರು ಗುರುತಿಸಿದ್ದಾರೆ. ಓದಲು ಬಾರದವನಿಗೂ ಇದು ಯಾವುದರ ಆಜ್ಞೆ ಅಂತ ಗೊತ್ತಾಗಲಿ ಅನ್ನುವ ಹಾಗಿದೆ ಆ ಚಿತ್ರ.

ಇನ್ನೊಂದು ಇಂದಿನ ಬಾಂಗ್ಲಾದೇಶದ ಬೋಗ್ರಾ ಜಿಲ್ಲೆಯ ಮಹಾಸ್ಥಾನದ ಕಲ್ಲಿನ ತುಂಡು. 1931ರಲ್ಲಿ ಸಿಕ್ಕಿದ್ದು, ಸಾಮಾನ್ಯವಾಗಿ ಕ್ರಿ.ಪೂ. 3ನೇ ಶತಮಾನದ್ದು ಅನ್ನುತ್ತಾರೆ. ಪುಂಡನಗಲ, ಅಂದರೆ ಪುಂಡ್ರನಗರದ ಮಹಾಮಾತ್ರನಿಗೆ ಬಂದ ಆದೇಶ ಅದು. ಅಲ್ಲಿ ಧಾನ್ಯ ಹಂಚುವ ಮಾತಿದೆ, ಆಪತ್ತು ಕಳೆದ ಮೇಲೆ ಕೋಠಾರವನ್ನು ಮತ್ತೆ ತುಂಬಿಸಬೇಕು ಎನ್ನುವ ಮಾತೂ ಇದೆ. ಆಪತ್ತುಗಳ ಪಟ್ಟಿಯಲ್ಲಿ ನೀರು, ಬೆಂಕಿಗಳ ಜೊತೆಗೆ ಗಿಳಿಗಳ ಕಾಟವನ್ನೂ ಓದಲಾಗಿದೆ. ತೆನೆ ತುಂಬಿದ ಹೊಲಕ್ಕೆ ಗಿಳಿ ಹಿಂಡು ಇಳಿದರೆ ಏನಾಗುತ್ತೆ ಅಂತ ರೈತರಿಗೆ ಹೇಳಬೇಕಾಗಿಲ್ಲ.

ಈ ಎರಡೂ ಬರಹ ಬಳಸುವ ಮುಖ್ಯ ಪದ ‘ಅತಿಯಾಯಿಕ’. ಸಂಸ್ಕೃತದ ‘ಆತ್ಯಯಿಕ’. ತುರ್ತು ಅಂತಲೇ ಅರ್ಥ. ಕೌಟಿಲ್ಯನ ಅರ್ಥಶಾಸ್ತ್ರದ ಕೋಷ್ಠಾಗಾರಾಧ್ಯಕ್ಷನ ಪ್ರಕರಣದಲ್ಲೂ ಇದೇ ವಿಚಾರ ಬರುತ್ತದೆ: ಸಂಗ್ರಹದ ಅರ್ಧವನ್ನು ಜನಪದದ ಆಪತ್ತಿಗೆಂದು ತೆಗೆದಿಡಬೇಕು, ಉಳಿದರ್ಧ ಬಳಸಬೇಕು, ಹೊಸದು ಬಂದಾಗ ಹಳೆಯದನ್ನು ಹೊರಗೆ ಹಾಕಬೇಕು. ಅಂದರೆ ಕೂಡಿಟ್ಟ ಧಾನ್ಯ ಸುಮ್ಮನೆ ಕೂರಬಾರದು, ವರ್ಷವರ್ಷ ತಿರುಗುತ್ತಾ ಇರಬೇಕು. ಈ ಗ್ರಂಥದ ಓಲೆಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ 1909ರಲ್ಲಿ ಮುದ್ರಿಸಿದವರು ಆರ್. ಶಾಮಶಾಸ್ತ್ರಿಗಳು ಅನ್ನುವುದನ್ನು ಈ ಸಂದರ್ಭದಲ್ಲಿ ನೆನೆಯಬೇಕು.

ಇವೆಲ್ಲ ಸರ್ಕಾರಿ ಕೋಠಾರದ ಮಾತು. ಬೀಗದ ಕೈ ಅಧಿಕಾರಿಯ ಹತ್ತಿರ ಇರುತ್ತದೆ. ಹಳ್ಳಿಯವನು ಕಾಯಬೇಕು.

ಏರಿ ಒಡೆದ ಮೇಲೆ

ಕಾಯುವುದು ಅಂದರೆ ಏನು ಅನ್ನೋದಕ್ಕೆ ಗುಜರಾತಿನ ಗಿರಿನಾರದ ಬಂಡೆ ಒಳ್ಳೆಯ ಸಾಕ್ಷಿ. ಅಶೋಕನ ಶಾಸನಗಳಿರುವ ಅದೇ ಬಂಡೆಯ ಮೇಲೆ ಕ್ರಿ.ಶ. 150ರ ಹೊತ್ತಿನ ರುದ್ರದಾಮನ ಶಾಸನ ಇದೆ. ವಿಷಯ ಸುದರ್ಶನ ಎಂಬ ಕೆರೆ. ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ಪುಷ್ಯಗುಪ್ತ ಕಟ್ಟಿಸಿದ್ದು, ಅಶೋಕನ ಕಾಲದಲ್ಲಿ ತುಷಾಸ್ಫ ಕಾಲುವೆಗಳನ್ನು ಮಾಡಿಸಿದ್ದು. ದೊಡ್ಡ ಬಿರುಗಾಳಿ ಮಳೆಗೆ ಏರಿ ಒಡೆಯಿತು. ಒಡಕಿನ ಉದ್ದ 420 ಮೊಳ, ಆಳ 75 ಮೊಳ ಎಂದು ಲೆಕ್ಕ ಕೊಟ್ಟಿದ್ದಾರೆ. ರಾಜನ ಮಂತ್ರಿಗಳೇ ಇದು ಆಗದ ಕೆಲಸ ಅಂತ ಕೈಚೆಲ್ಲಿದರು, ಜನ ಹಾಹಾಕಾರ ಮಾಡಿದರು. ಕೊನೆಗೆ ಸುವಿಶಾಖ ಎಂಬ ಅಧಿಕಾರಿ ಕಟ್ಟಿಸಿದ. ಜನರ ಮೇಲೆ ತೆರಿಗೆಯನ್ನೂ ಬಿಟ್ಟಿ ದುಡಿಮೆಯನ್ನೂ ಹೇರದೆ ಬೊಕ್ಕಸದ ಹಣದಿಂದಲೇ ಮಾಡಿಸಿದೆ ಅಂತ ರಾಜ ಹೆಮ್ಮೆಯಿಂದ ಬರೆಸಿಕೊಂಡಿದ್ದಾನೆ.

ಹೆಮ್ಮೆಪಡುವ ವಿಷಯವೇ, ಸಂದೇಹವಿಲ್ಲ. ಆದರೆ ಇದನ್ನು ಕೆಳಗಿನ ರೈತನ ಕಡೆಯಿಂದ ಓದಿ. ಏರಿ ಒಡೆದಿದೆ, ಮಂತ್ರಿಗಳು ಬೇಡ ಅಂದಿದ್ದಾರೆ, ಎಲ್ಲವೂ ಒಬ್ಬ ರಾಜ, ಒಬ್ಬ ಅಧಿಕಾರಿಯ ಮನಸ್ಸಿನ ಮೇಲೆ ನಿಂತಿದೆ. ಅದೇ ಕೆರೆ ಸ್ಕಂದಗುಪ್ತನ ಕಾಲದಲ್ಲಿ, 455ರ ಹೊತ್ತಿಗೆ, ಮತ್ತೆ ಒಡೆದ ಸಂಗತಿಯೂ ಅದೇ ಬಂಡೆಯ ಮೇಲಿದೆ. ಆಗಲೂ ಸರಿಮಾಡಿಸಿದ್ದು ರಾಜನ ಅಧಿಕಾರಿಗಳೇ. ಒಳ್ಳೆಯವರು ಸಿಕ್ಕರೆ ಬದುಕು, ಸಿಗದಿದ್ದರೆ ಇಲ್ಲ.

ನೀರಿನ ಋಣ ನೀರಿನಿಂದಲೇ

ಕನ್ನಡ ನಾಡಿನ ಶಾಸನಗಳಿಗೆ ಬಂದರೆ ಇಲ್ಲೂ ಮೊದಲು ಕಾಣೋದು ಕೆರೆಯೇ. ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿರುವ ಐದು ಹೆಡೆಯ ನಾಗರಕಲ್ಲಿನ ಪ್ರಾಕೃತ ಬರಹ ಚುಟು ಅರಸರ ಕಾಲದ್ದು. ನಾಗಶ್ರೀ ಎಂಬ ಅರಸುಮಗಳು ನಾಗ, ತಟಾಕ, ವಿಹಾರ ಮೂರನ್ನೂ ಮಾಡಿಸಿದ್ದನ್ನು ಅದು ಹೇಳುತ್ತದೆ. ಚಿತ್ರದುರ್ಗದ ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಹೆಸರಿನ ಶಾಸನ ಇದೆಯಲ್ಲ, ಅದರ ವಿಷಯವೂ ಅವನು ನಿರ್ಮಿಸಿದ ತಟಾಕವೇ. ಅವನು ಯಾರು ಯಾರನ್ನು ಗೆದ್ದ ಅನ್ನುವ ಸಾಲಿನ ಬಗ್ಗೆ ವಿದ್ವಾಂಸರು ಬೇಕಾದಷ್ಟು ಜಗಳವಾಡಿದ್ದಾರೆ. ಕೆರೆಯ ಬಗ್ಗೆ ಜಗಳ ಇಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನವನ್ನು ಕದಂಬ ವಂಶದ ಕಥೆಗಾಗಿ ಎಲ್ಲರೂ ಓದುತ್ತಾರೆ. ಆದರೆ ಕುಬ್ಜ ಕವಿ ಅದನ್ನು ಬರೆದ ಸಂದರ್ಭ, ಕಾಕುಸ್ಥವರ್ಮ ಅಲ್ಲಿನ ಶಿವಾಲಯದ ಬಳಿ ದೊಡ್ಡ ಕೆರೆ ಕಟ್ಟಿಸಿದ್ದು.

ಕೆರೆ ಕಟ್ಟಿಸೋದು ಪುಣ್ಯದ ಕೆಲಸ, ಹೆಸರು ಬರುವ ಕೆಲಸ. ಅದಕ್ಕೆ ಜನ ಸಿಗುತ್ತಾರೆ. ಕಷ್ಟ ಶುರುವಾಗುವುದು ಅದಾದ ಮೇಲೆ. ಪ್ರತಿ ಮಳೆಗಾಲ ಹೂಳು ತರುತ್ತದೆ, ಏರಿಯಲ್ಲಿ ಇಲಿ, ಹೆಗ್ಗಣ ಬಿಲ ತೋಡುತ್ತವೆ, ತೂಬಿನ ಕಲ್ಲು ಸಡಿಲವಾಗುತ್ತದೆ, ಕೋಡಿ ಕೊರೆಯುತ್ತದೆ. ಈ ಕೆಲಸಕ್ಕೆ ಹೆಸರೂ ಇಲ್ಲ, ಮೆರವಣಿಗೆಯೂ ಇಲ್ಲ. ನಮ್ಮ ಶಾಸನಗಳ ಜಾಣತನ ಇಲ್ಲಿದೆ. ಈ ಹೆಸರಿಲ್ಲದ ಕೆಲಸಕ್ಕೆ ಅವು ಒಂದು ಕಾಯಂ ಆದಾಯವನ್ನು ಗಂಟುಹಾಕಿದವು.

ಅದರ ಪದಗಳನ್ನು ನೋಡಿ. ‘ಬಿತ್ತುವಟ್ಟ’ ಅಂದರೆ ಕೆರೆಯ ನೀರಿನಿಂದ ಬೆಳೆದ ಭೂಮಿಯಲ್ಲಿ ಕೆರೆ ಕಟ್ಟಿದವನಿಗೋ ಕಾಪಾಡುವವನಿಗೋ ಸಲ್ಲುವ ಪಾಲು. ಗಂಗರ ಕಾಲದಿಂದಲೂ ಈ ಪದ ಕಾಣುತ್ತದೆ. ‘ಕೆರೆಗೊಡಗೆ’, ‘ಕಟ್ಟುಕೊಡಗೆ’ ಅಂದರೆ ಕೆರೆ ಕಟ್ಟೆಗಳ ಸಲುವಾಗಿ ಬಿಟ್ಟ ಭೂಮಿ. ‘ದಶವಂದ’ ಹತ್ತರಲ್ಲೊಂದು ಪಾಲಿನ ಲೆಕ್ಕದ್ದು, ಮುಖ್ಯವಾಗಿ ವಿಜಯನಗರ ಕಾಲದಲ್ಲಿ, ಪೂರ್ವದ ಗಡಿ ಸೀಮೆಗಳಲ್ಲಿ ಹೆಚ್ಚು. ಹೂಳೆತ್ತುವ ಬಂಡಿಗೆ, ಬಂಡಿ ಎಳೆಯುವ ಕೋಣಗಳಿಗೆ, ಅವುಗಳನ್ನು ಹೊಡೆಯುವವನಿಗೆ ಅಂತಲೇ ಭೂಮಿ ಬಿಟ್ಟ ಶಾಸನಗಳೂ ಇವೆ. ಈ ಹೂಳು ಹೊಲಕ್ಕೆ ಒಳ್ಳೆಯ ಗೊಬ್ಬರ, ಆದ್ದರಿಂದ ಬಂಡಿ ಹೋಗುವಾಗಲೂ ಕೆಲಸ, ಬರುವಾಗಲೂ ಕೆಲಸ.

ಈ ಏರ್ಪಾಡಿನ ಒಳಗುಟ್ಟು ಬಹಳ ಸರಳ. ಕೆರೆ ತುಂಬಿದ್ದರೆ ಗದ್ದೆ ಬೆಳೆಯುತ್ತದೆ, ಗದ್ದೆ ಬೆಳೆದರೆ ಕಾಯುವವನಿಗೆ ಪಾಲು. ಕೆರೆ ಹಾಳಾದರೆ ಅವನ ಊಟವೂ ಹೋಯಿತು. ಮೇಲಿನಿಂದ ಯಾರೂ ಬಂದು ತಪಾಸಣೆ ಮಾಡಬೇಕಾಗಿಲ್ಲ. ಅದರ ಮೇಲೆ ನೀರು ಬಿಡುವುದಕ್ಕೆ ನೀರುಗಂಟಿ, ಅವನಿಗೂ ಸುಗ್ಗಿಯಲ್ಲಿ ಕಣದಿಂದಲೇ ಆಯ.

ಇಷ್ಟಾದರೂ ಭಯ ಇತ್ತು. ಕೊಡಗೆಯ ಭೂಮಿಯನ್ನು ನಾಳೆ ಬಲವಂತನೊಬ್ಬ ನುಂಗಿದರೆ? ಅದಕ್ಕೇ ಶಾಪಾಶಯ. ಹಳೆಯ ಕನ್ನಡ ಶಾಸನಗಳ ಕೊನೆಯಲ್ಲಿ ಬರುವ ಪಟ್ಟಿಯನ್ನು ಗಮನಿಸಿ: ಇದನ್ನು ಅಳಿದವನಿಗೆ ವಾರಣಾಸಿಯನ್ನು, ಸಾವಿರ ಪಾರ್ವರನ್ನು, ಸಾವಿರ ಕವಿಲೆಯನ್ನು ಅಳಿದ ಪಾಪ. ಹಲವು ಕಡೆ ಇದೇ ಪಟ್ಟಿಯಲ್ಲಿ ಕೆರೆಯೂ ಆರವೆಯೂ, ಅಂದರೆ ತೋಪೂ ಸೇರುತ್ತವೆ. ಊರ ಕೆರೆಯನ್ನು ಹಾಳುಮಾಡುವುದು ಕಾಶಿಯನ್ನು ಹಾಳುಮಾಡಿದಷ್ಟೇ ದೊಡ್ಡ ಪಾಪ! ಇದನ್ನು ಬರೀ ಧಾರ್ಮಿಕ ಮಾತು ಅಂತ ದಾಟಿಬಿಡಬಾರದು. ಪೊಲೀಸು, ಕೋರ್ಟು ಕೈಗೆಟುಕದ ಕಡೆ ಕರಾರನ್ನು ಕಾಯುವ ಉಪಾಯ ಅದು.

ಎಲ್ಲಿ ಕೆಡುತ್ತದೆ ಅನ್ನುವ ತಿಳಿವಳಿಕೆ

ಆಪತ್ತಿಗೆ ಸಿದ್ಧವಾಗಿರುವುದು ಅಂದರೆ ಎಲ್ಲಿ ಕೆಡಬಹುದು ಅನ್ನೋದನ್ನು ಮೊದಲೇ ಬಲ್ಲವನಾಗಿರುವುದು. ಈ ವಿಷಯದಲ್ಲಿ ಕಡಪ ಜಿಲ್ಲೆಯ ಪೋರುಮಾಮಿಳ್ಳದ ಶಾಸನಕ್ಕೆ ಸಾಟಿ ಇಲ್ಲ. 1369ರದ್ದು, ಸಂಸ್ಕೃತದಲ್ಲಿದೆ. ಕಟ್ಟಿಸಿದವನು ವಿಜಯನಗರದ ಒಂದನೇ ಬುಕ್ಕರಾಯನ ಮಗ, ಉದಯಗಿರಿಯಿಂದ ಆಳುತ್ತಿದ್ದ ಭಾಸ್ಕರ ಭವದೂರ. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ. ಏರಿಯ ಉದ್ದ 5000 ರೇಖಾದಂಡ ಎಂದು ಅಳತೆಯನ್ನೂ ಕೊಟ್ಟಿದೆ. ಎಪಿಗ್ರಾಫಿಯಾ ಇಂಡಿಕಾದ 14ನೇ ಸಂಪುಟದಲ್ಲಿ ವಿ.ಎಸ್. ಸುಕ್ತಂಕರರು ಇದನ್ನು ಸಂಪಾದಿಸಿದ್ದಾರೆ.

ಈ ಶಾಸನ ಕೆರೆಗೆ ಬೇಕಾದ 12 ಅಂಗಗಳನ್ನು ಎಣಿಸುತ್ತದೆ. ಧರ್ಮಿಷ್ಠನಾದ, ಹಣವಂತನಾದ ಕಟ್ಟಿಸುವವನು, ಜಲಶಾಸ್ತ್ರ ಬಲ್ಲವನು, ಗಟ್ಟಿ ಜೇಡಿಯ ನೆಲ, ಸಿಹಿನೀರಿನ ಹೊಳೆ, ಎರಡೂ ಕಡೆ ಏರಿಯನ್ನು ತಾಗುವ ಗುಡ್ಡ, ಹೆಚ್ಚು ಉದ್ದವಲ್ಲದ ಆದರೆ ಗಟ್ಟಿಯಾದ ಕಲ್ಲಿನ ಏರಿ, ಆಳವೂ ವಿಶಾಲವೂ ಆದ ಒಡಲು, ನೀಳ ಕಲ್ಲು ಸಿಗುವ ಗಣಿ, ಹತ್ತಿರದಲ್ಲೇ ಸಮತಟ್ಟಾದ ಫಲವತ್ತು ಭೂಮಿ, ಕೆಲಸ ಬಲ್ಲ ಆಳುಗಳ ತಂಡ, ಹೀಗೆ.

ಅದಕ್ಕಿಂತ ಉಪಯೋಗದ್ದು ಮುಂದೆ ಬರುವ ಆರು ದೋಷಗಳ ಪಟ್ಟಿ. ಏರಿಯಲ್ಲಿ ನೀರು ಜಿನುಗುವುದು. ಚೌಳು ನೆಲ. ಎರಡು ರಾಜ್ಯಗಳ ಗಡಿಯಲ್ಲಿರುವುದು. ಕೆರೆಯ ಒಡಲಿನ ನಡುವೆ ಆಮೆಯ ಬೆನ್ನಿನಂತೆ ಉಬ್ಬು. ನೀರು ಕಮ್ಮಿ, ಉಣಿಸಬೇಕಾದ ಭೂಮಿ ಹೆಚ್ಚು. ನೀರು ಹೆಚ್ಚು, ಭೂಮಿ ಕಮ್ಮಿ.

ಮೂರನೆಯ ದೋಷದ ಮೇಲೆ ಸ್ವಲ್ಪ ನಿಲ್ಲಿ. ಮಣ್ಣಿನ, ಕಲ್ಲಿನ, ಅಳತೆಯ ದೋಷಗಳ ನಡುವೆ ಗಡಿಯ ದೋಷ ಯಾಕೆ ಬಂತು? ಗಡಿಯಲ್ಲಿದ್ದರೆ ಒಡೆಯ ಇಬ್ಬರು, ರಿಪೇರಿ ಯಾರದೂ ಅಲ್ಲ. ಜೊತೆಗೆ ಜಗಳ ಬಂದಾಗ ಮೊದಲು ಪೆಟ್ಟು ಬೀಳೋದು ಏರಿಗೇ. ಹೊಣೆ ಯಾರದು ಅಂತ ಗೊತ್ತಿಲ್ಲದಿರುವುದು ಜಿನುಗುವ ಏರಿಯಷ್ಟೇ ಅಪಾಯ ಅಂತ ಈ ಶಾಸನ ಬರೆಸಿದವರಿಗೆ ಗೊತ್ತಿತ್ತು. ಐದನೆಯ ದೋಷವಂತೂ ಇವತ್ತಿನ ಕೊಳವೆಬಾವಿ ಹಿಡುವಳಿಗೆ ಅಕ್ಷರಶಃ ಹೊಂದುತ್ತದೆ. ಎರಡಿಂಚು ನೀರಿಗೆ ನಾಲ್ಕು ಎಕರೆ ಅಡಿಕೆ ಇಟ್ಟ ಮನೆಯಲ್ಲಿ ಮೂರನೇ ಬೇಸಿಗೆಗೆ ಏನಾಗುತ್ತದೆ ಅಂತ ನೀವೇ ನೋಡಿರುತ್ತೀರಿ.

ಹೊಣೆಯನ್ನು ಪಾಲಿನ ಮೂಲಕ ಕಟ್ಟಿದ್ದಕ್ಕೆ ಹರಿಹರದ ಎರಡು ಶಾಸನಗಳು ಒಳ್ಳೆಯ ಉದಾಹರಣೆ. 1410ರಲ್ಲಿ ಹರಿದ್ರಾ ನದಿಗೆ ಅಡ್ಡಕಟ್ಟೆ ಕಟ್ಟಿ ಹರಿಹರ ದೇವರ ಭೂಮಿಯ ಮೂಲಕ ಕಾಲುವೆ ತೆಗೆದರು. ಖರ್ಚು ಹಾಕಿದವರು ಅಲ್ಲಿನ ಬ್ರಾಹ್ಮಣರು. ಕಾಲುವೆಯಿಂದ ನೀರುಣ್ಣುವ ಭೂಮಿಯಲ್ಲಿ ಎರಡು ಪಾಲು ದೇವರಿಗೆ, ಒಂದು ಪಾಲು ಕಟ್ಟಿಸಿದವರಿಗೆ ಅಂತ ಕರಾರಾಯಿತು. ಇಷ್ಟಾಗಿಯೂ ಕಟ್ಟೆ ಒಡೆಯಿತು! 1424ರಲ್ಲಿ, ವಿಜಯನಗರದ ದಂಡನಾಯಕನೊಬ್ಬನ ಧನಸಹಾಯದಿಂದ ಅದನ್ನು ಮತ್ತೆ ಕಟ್ಟಿಸಿದ ಸಂಗತಿ ಇನ್ನೊಂದು ಶಾಸನದಲ್ಲಿದೆ. ಕರಾರು ಇದ್ದ ಮಾತ್ರಕ್ಕೆ ಪ್ರವಾಹ ನಿಲ್ಲುವುದಿಲ್ಲ. ಆದರೆ ಕಟ್ಟೆ ಒಡೆದಾಗ ಅದರಿಂದ ನಷ್ಟವಾಗುವವರು ಯಾರು ಅಂತ ಬರಹದಲ್ಲೇ ಇತ್ತು. ಪಾಲುದಾರರಿದ್ದರು, ಆದ್ದರಿಂದ ಹೋಗಿ ಬಾಗಿಲು ತಟ್ಟುವವರೂ ಇದ್ದರು.

ಮನೆಯ ಲೆಕ್ಕ

ಇಲ್ಲಿಯವರೆಗೆ ರಾಜ್ಯ ಮತ್ತು ಊರು. ಮನೆ ಎಲ್ಲಿ? ಶಾಸನದಲ್ಲಿ ಮನೆ ನೇರವಾಗಿ ಕಾಣೋದು ಕಡಿಮೆ, ಆದರೆ ಅಳತೆಗಳಲ್ಲಿ ಅಡಗಿ ಕೂತಿದೆ.

ನಮ್ಮ ಶಾಸನಗಳಲ್ಲಿ ಭೂಮಿಯನ್ನು ಎಷ್ಟೋ ಕಡೆ ಬಿತ್ತನೆಯ ಲೆಕ್ಕದಲ್ಲಿ ಹೇಳುತ್ತಾರೆ. ಇಷ್ಟು ಖಂಡುಗ ಗದ್ದೆ, ಇಷ್ಟು ಕೊಳಗ ಬೆದ್ದಲು. ಅಂದರೆ ಅಷ್ಟು ಬೀಜ ಬಿತ್ತುವಷ್ಟು ನೆಲ. 20 ಕೊಳಗಕ್ಕೆ ಒಂದು ಖಂಡುಗ. ಈ ಅಳತೆಯಲ್ಲಿ ಬೀಜವೇ ಭೂಮಿಯ ಮಾನ. ಬರದ ವರ್ಷ ಹೊಟ್ಟೆ ಹಸಿದು ಬಿತ್ತನೆ ಬೀಜವನ್ನೇ ಬೇಯಿಸಿಕೊಂಡವನ ಹತ್ತಿರ ಮುಂದಿನ ಮುಂಗಾರಿಗೆ ಎಷ್ಟು ಖಂಡುಗ ಇದ್ದರೇನು? ಬೀಜದ ಮಡಕೆಗೆ ಬೂದಿ ಬೆರೆಸಿ, ಬೇವಿನ ಇಲ್ಲವೇ ಲಕ್ಕಿ ಸೊಪ್ಪು ಹಾಕಿ, ಬಾಯಿಗೆ ಸಗಣಿ ಮೆತ್ತಿ ಅಟ್ಟಕ್ಕೆ ಏರಿಸುತ್ತಿದ್ದ ಅಜ್ಜಿಯರು ಈ ಲೆಕ್ಕವನ್ನು ಬಲ್ಲವರು.

ದತ್ತಿಯ ಪಟ್ಟಿಗಳನ್ನೂ ನೋಡಿ. ಬಹಳ ಸಲ ಒಂದೇ ಬಗೆಯ ಭೂಮಿ ಇರೋದಿಲ್ಲ. ಗದ್ದೆ, ಬೆದ್ದಲು, ತೋಟ, ಮನೆಯ ನಿವೇಶನ, ಗಾಣ ಅಂತ ಜೊತೆಜೊತೆಯಾಗಿ ಬರುತ್ತವೆ. ಕೆರೆ ತುಂಬಿದರೆ ಗದ್ದೆ, ತುಂಬದಿದ್ದರೆ ಬೆದ್ದಲಿನ ರಾಗಿ ಜೋಳ, ದೀಪಕ್ಕೂ ಒಗ್ಗರಣೆಗೂ ಗಾಣದ ಎಣ್ಣೆ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ.

ಇನ್ನು ಜಾನುವಾರು. ಹಳ್ಳಿಗೆ ಎದುರಾಗುತ್ತಿದ್ದ ಆಪತ್ತುಗಳಲ್ಲಿ ಶಾಸನಗಳು ಮತ್ತೆ ಮತ್ತೆ ಹೆಸರಿಸುವುದು ತುರುಗೊಳ್, ಅಂದರೆ ದನ ಹೊಡೆದೊಯ್ಯುವುದು. ನಮ್ಮ ನೂರಾರು ವೀರಗಲ್ಲುಗಳಿಗೆ ಕಾರಣ ಅದೇ. ದನ ಅಂದರೆ ಹಾಲು, ಗೊಬ್ಬರ, ಉಳುಮೆ, ಬರ ಬಂದರೆ ಮಾರಿ ಬದುಕುವ ಗಂಟು. ಅದಕ್ಕಾಗಿ ಜನ ಪ್ರಾಣ ಕೊಟ್ಟರು. ಹಾಗೆ ಸತ್ತವನ ಮನೆಯವರಿಗೆ ಊರೋ ಅರಸನೋ ಭೂಮಿ ಬಿಡುತ್ತಿದ್ದರು. ‘ನೆತ್ತರುಗೊಡಗೆ’, ‘ಕಲ್ನಾಡು’, ‘ಬಾಳ್ಗಳ್ಚು’ ಎಂದು ಅದಕ್ಕೆ ಹೆಸರು. ಹಲ್ಮಿಡಿ ಶಾಸನದಲ್ಲಿ ವಿಜಅರಸನ ಪರಾಕ್ರಮಕ್ಕಾಗಿ ಕೊಟ್ಟದ್ದು ಬಾಳ್ಗಳ್ಚೇ. ವೀರನಿಗೆ ಸ್ವರ್ಗ, ಅಪ್ಸರೆಯರು ಅಂತ ಕಲ್ಲಿನ ಮೇಲಿನ ಪಟ್ಟಿಕೆ ತೋರಿಸುತ್ತದೆ. ನೆತ್ತರುಗೊಡಗೆಯ ಸಾಲು ಉಳಿದವರ ಗಂಜಿಯ ವಿಚಾರ ಮಾಡುತ್ತದೆ.

ಮನೆಯ ಧಾನ್ಯ ಎಲ್ಲಿತ್ತು? ಬಯಲುಸೀಮೆಯವರಿಗೆ ಹೇಳಬೇಕಾಗಿಲ್ಲ, ಹಗೇವಿನಲ್ಲಿ. ನೀರು ನಿಲ್ಲದ ಗಟ್ಟಿ ನೆಲದಲ್ಲಿ, ಮೇಲೆ ಕಿರಿದಾದ ಬಾಯಿ, ಕೆಳಗೆ ಗಡಿಗೆಯಂತೆ ಅಗಲವಾದ ಹೊಟ್ಟೆ. ಒಳಗೆ ಒಣಹುಲ್ಲು ಹಾಸಿ, ಚೆನ್ನಾಗಿ ಒಣಗಿದ ರಾಗಿ ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ರಾಗಿ ಹಾಗೆ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. 1800ರಲ್ಲಿ ಈ ಕಡೆ ಓಡಾಡಿದ ಫ್ರಾನ್ಸಿಸ್ ಬುಕಾನನ್ ಕೂಡ ಇದನ್ನು ಗಮನಿಸಿ ಬರೆದಿದ್ದಾನೆ. ಗಾಳಿ ಆಡದ ಹೊಟ್ಟೆಯೊಳಗೆ ಧಾನ್ಯವೇ ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುವುದರಿಂದ ಹುಳು ಬದುಕುವುದಿಲ್ಲ. ಅದೇ ಕಾರಣಕ್ಕೆ ಬಾಯಿ ತೆಗೆದ ತಕ್ಷಣ ಮನುಷ್ಯನೂ ಇಳಿಯಬಾರದು. ತೆರೆದು ಸಾಕಷ್ಟು ಹೊತ್ತು ಬಿಟ್ಟು, ದೀಪ ಇಳಿಸಿ, ಆರದಿದ್ದರೆ ಮಾತ್ರ ಇಳಿಯುವುದು ಹಳಬರ ಕ್ರಮ. ಅವಸರ ಮಾಡಿ ಉಸಿರುಕಟ್ಟಿ ಸತ್ತವರಿದ್ದಾರೆ. ಹಳೆಯ ಹಗೇವು ಇನ್ನೂ ಇರುವ ಮನೆಯವರು ಇದನ್ನು ಮಕ್ಕಳಿಗೆ ಹೇಳಿಡಬೇಕು.

ಕೆರೆಗೆ ಇರುವಷ್ಟು ಶಾಸನಗಳು ಹಗೇವಿಗೆ ಯಾಕಿಲ್ಲ? ಕಲ್ಲು ಬರೆಸುವುದು ಹಕ್ಕು ಹುಟ್ಟುವ ಕಡೆ. ಕೆರೆಯಲ್ಲಿ ಹತ್ತು ಜನರ ಪಾಲು, ಹಗೇವು ಒಂದೇ ಮನೆಯದು. ಮೇಲಾಗಿ ಧಾನ್ಯ ಎಲ್ಲಿದೆ ಅಂತ ಯಾರಾದರೂ ಕಲ್ಲಿನ ಮೇಲೆ ಬರೆಸುತ್ತಾರೆಯೇ? ದಂಡು ಬಂದಾಗ ಮೊದಲು ಹುಡುಕುವುದೇ ಅದನ್ನು. ಆದ್ದರಿಂದ ಶಾಸನದಲ್ಲಿ ಕಾಣದ್ದು ಇರಲಿಲ್ಲ ಎನ್ನುವ ತೀರ್ಮಾನಕ್ಕೆ ನಾವು, ಶಾಸನ ಓದುವವರು, ಅವಸರಪಡಬಾರದು.

ಎಲ್ಲವೂ ಸೋತಾಗ

ಎಲ್ಲ ಏರ್ಪಾಡೂ ಸೋತರೆ ಉಳಿಯುವ ದಾರಿ ಗುಳೆ. ಅದರ ಅತಿ ಪ್ರಸಿದ್ಧ ದಾಖಲೆ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆಯೇ ಇದೆ. ಕ್ರಿ.ಶ. ಸುಮಾರು 600ರ ಆ ಸಂಸ್ಕೃತ ಶಾಸನದ ಪ್ರಕಾರ ಉಜ್ಜಯಿನಿಯಲ್ಲಿ ಭದ್ರಬಾಹು 12 ವರ್ಷದ ಕೆಟ್ಟ ಕಾಲ ಬರಲಿದೆ ಎಂದು ಮುಂಚಿತವಾಗಿ ತಿಳಿಸಿದ, ಸಂಘವೆಲ್ಲ ಉತ್ತರದಿಂದ ದಕ್ಷಿಣಕ್ಕೆ ಹೊರಟಿತು. ಅವರು ಬಂದು ಸೇರಿದ ನಾಡನ್ನು ಶಾಸನ ವರ್ಣಿಸುವ ರೀತಿ ನೋಡಿ: ನೂರಾರು ಹಳ್ಳಿ, ಸಂತೋಷದ ಜನ, ಹಣ, ಚಿನ್ನ, ಬೆಳೆ, ಹಸು, ಎಮ್ಮೆ, ಆಡು, ಕುರಿ. ಅರಮನೆ, ಕೋಟೆಗಳ ಸುದ್ದಿಯೇ ಇಲ್ಲ. ಹಸಿದು ಬಂದವರ ಕಣ್ಣಿಗೆ ಬಿದ್ದ ಸಂಪತ್ತು ಅಂದರೆ ಬೆಳೆ ಮತ್ತು ಕೊಟ್ಟಿಗೆ.

ಆದರೆ ಆ ನಾಡೂ ಬರಕ್ಕೆ ಹೊರತಲ್ಲ. 19ನೇ ಶತಮಾನದ ಮೈಸೂರು ಸಂಸ್ಥಾನದಲ್ಲಿ ಸುಮಾರು 38 ಸಾವಿರ ಕೆರೆಗಳಿದ್ದವು. ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಅಂತ ಆಗಿನ ಮುಖ್ಯ ಎಂಜಿನಿಯರ್ ಸ್ಯಾಂಕಿ ಬೆರಗಾಗಿ ಬರೆದಿದ್ದರು. ಅಂಥ ಸಂಸ್ಥಾನದಲ್ಲಿ 1875ರ ಮಳೆ ಕೈಕೊಟ್ಟಿತು, 1876ರದ್ದೂ ಕೈಕೊಟ್ಟಿತು. ಜನ ಇವತ್ತಿಗೂ ಧಾತು ಈಶ್ವರ ಬರ ಅನ್ನುವುದು ಅದನ್ನೇ. 1871ರ ಜನಗಣತಿಯಲ್ಲಿ 50,55,412 ಇದ್ದ ಜನಸಂಖ್ಯೆ 1881ರಲ್ಲಿ 41,86,188. ಎಂಟೂವರೆ ಲಕ್ಷಕ್ಕೂ ಮೀರಿದ ಇಳಿಕೆ.

ಮೇಲುಮೇಲೆ ಎರಡು ಮಳೆ ಹೋದರೆ 38 ಸಾವಿರ ಕೆರೆಯೂ ಬರೀ ಬಟ್ಟಲು. ಆಗ ಉಳಿಯೋದು ಹಗೇವು. ಹಗೇವು ಇದ್ದದ್ದು ಯಾರಿಗೆ? ಮಿಗುವಷ್ಟು ಬೆಳೆಯುವ ಹೊಲ ಇದ್ದವರಿಗೆ. ಈ ಬರದಲ್ಲಿ ಹೆಚ್ಚಾಗಿ ಸತ್ತವರು ಭೂಮಿ ಇಲ್ಲದ ಕೂಲಿಯವರು, ನೇಕಾರರಂಥ ಕಸುಬಿನವರು. ಬಿತ್ತುವಟ್ಟದಲ್ಲಿ ಅವರಿಗೆ ಪಾಲಿರಲಿಲ್ಲ, ಕೊಡಗೆಯಲ್ಲಿ ಹೆಸರಿರಲಿಲ್ಲ. ಏರಿಗೆ ಮಣ್ಣು ಹೊತ್ತವರು ಅವರೇ. ಪೋರುಮಾಮಿಳ್ಳದ ಸಾವಿರ ಆಳುಗಳು ಶಾಸನದಲ್ಲಿ ಒಂದು ಸಂಖ್ಯೆಯಾಗಿ ಮಾತ್ರ ಉಳಿದಿದ್ದಾರೆ. ‘ಕೆರೆಗೆ ಹಾರ’ದಂಥ ಜನಪದ ಕಥನಗೀತೆಯಲ್ಲಿ ಕೆರೆಯ ಬೆಲೆಯನ್ನು ತೆರುವವಳು ಮನೆಯ ಕಿರಿಯ ಸೊಸೆ ಅನ್ನೋದನ್ನೂ ಜೊತೆಗಿಟ್ಟು ನೋಡಬೇಕು. ಹಳೆಯ ಏರ್ಪಾಡು ಜಾಣತನದ್ದು, ನಿಜ. ಪಾಲು ಇದ್ದವರನ್ನು ಮಾತ್ರ ಅದು ಕಾಯುತ್ತಿತ್ತು. ಪುಣ್ಯಕಾಲ ಅಂತ ಹಾಡಿಹೊಗಳುವ ಮೊದಲು ಇದು ನೆನಪಿರಲಿ.

ಇದರ ಜೊತೆಗೆ ಇನ್ನೊಂದು ಬದಲಾವಣೆಯೂ ಆಗಿತ್ತು. 1856ರಲ್ಲಿ ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆ ಬಂತು. ಕೆರೆಯ ದೊಡ್ಡ ಕೆಲಸಗಳು ಮೆಲ್ಲಗೆ ಕಚೇರಿಯ ಕಡತಕ್ಕೆ ಸೇರಿದವು. ಕೊಡಗೆ ಅನ್ನುವುದು ಕಂದಾಯ ಲೆಕ್ಕದಲ್ಲಿ ಇನಾಮಿನ ಒಂದು ಬಗೆಯಾಗಿ ಉಳಿಯಿತು. ಸುದರ್ಶನ ಕೆರೆಯ ಕೆಳಗಿನ ರೈತ ಕಾಯುತ್ತಿದ್ದ ಹಾಗೆ ನಮ್ಮ ರೈತನೂ ಅಧಿಕಾರಿಗಾಗಿ ಕಾಯುವುದನ್ನು ಕಲಿತ.

ಈಗ ನಮ್ಮ ಕಾಲದಲ್ಲಿ ಹೂಳೆತ್ತುವ ಕೆಲಸಕ್ಕೆ ಹಣ ಬರುತ್ತದೆ, ಯಂತ್ರ ಬರುತ್ತದೆ, ಫೋಟೋ ಆಗುತ್ತದೆ. ಐದು ಮಳೆಗಾಲ ಕಳೆದ ಮೇಲೆ ತೂಬಿನ ಬಾಯಿಗೆ ಕಟ್ಟಿದ ಕಸವನ್ನು ತೆಗೆಯುವವನು ಯಾರು, ಅವನಿಗೆ ಕೊಡುವುದು ಏನು, ಯಾವುದರಿಂದ ಅನ್ನೋದನ್ನು ಎಲ್ಲೂ ಬರೆದಿರೋದಿಲ್ಲ. ಮನೆ ಮಟ್ಟದಲ್ಲೂ ಹಾಗೇ. ಮಳೆಕೊಯ್ಲಿನ ತೊಟ್ಟಿ ಕಟ್ಟಿಸಿದ್ದೇವೆ, ಮೊದಲ ಮಳೆಗೆ ಮುಂಚೆ ಮಾಡು ಗುಡಿಸುವುದು ಯಾರ ಪಾಳಿ ಅಂತ ಗೊತ್ತಿರೋದಿಲ್ಲ. ಕೂಡಿಟ್ಟ ಅಕ್ಕಿಗೆ ಹುಳು ಹತ್ತುತ್ತದೆ, ಹಳೆಯದನ್ನು ಮೊದಲು ಬಳಸಿ ಹೊಸದನ್ನು ಹಿಂದೆ ಇಡುವ ಕೌಟಿಲ್ಯನ ಲೆಕ್ಕ ಇಲ್ಲದ್ದರಿಂದ. ಊರಿನಲ್ಲಿ ಹೊಲವಿಲ್ಲದ ಮನೆಗಳು ಎಷ್ಟು, ಎರಡನೇ ಬರದ ವರ್ಷಕ್ಕೆ ಅವರ ಕಾಳು ಎಲ್ಲಿಂದ ಬರಬೇಕು ಅನ್ನುವ ಪ್ರಶ್ನೆಯನ್ನಂತೂ ಹಳೆಯ ಕಲ್ಲುಗಳೂ ಬಿಟ್ಟಿದ್ದವು, ನಾವೂ ಬಿಟ್ಟಿದ್ದೇವೆ. ಅದನ್ನು ಸೇರಿಸಿಕೊಳ್ಳದ ಸ್ವಾವಲಂಬನೆ ಅರ್ಧ ಊರಿನದು ಮಾತ್ರ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮೂರ ಕೆರೆ ಏರಿಯ ಮೇಲೆ, ತೂಬಿನ ಹತ್ತಿರ, ಕೋಡಿಯ ಬದಿಯಲ್ಲಿ ಅಕ್ಷರವಿರುವ ಕಲ್ಲು ಇದ್ದರೆ ಹಗಲಿನ ಓರೆ ಬೆಳಕಿನಲ್ಲಿ ಸ್ಪಷ್ಟವಾದ ಚಿತ್ರ ತೆಗೆಯಿರಿ. ಸುಣ್ಣ, ಬಣ್ಣ, ಅರಿಶಿನ ಹಚ್ಚಬೇಡಿ, ಉಳಿಯಿಂದ ಕೆರೆಯಬೇಡಿ. ಮಣ್ಣಿನಲ್ಲಿ ಹೂತ ಭಾಗ ಇದ್ದರೆ ಅದರಲ್ಲೇ ಕೊನೆಯ ಸಾಲುಗಳು ಇರುತ್ತವೆ. ರಾಜನ ಹೆಸರು ಮೇಲುಗಡೆ ಇರುತ್ತದೆ, ಅದು ಸಾಮಾನ್ಯವಾಗಿ ಈಗಾಗಲೇ ಗೊತ್ತಿರುವುದೇ. ಕೆಳಗಿನ ಸಾಲುಗಳಲ್ಲಿ ಇಷ್ಟು ಕೊಳಗ, ಇಂಥವನಿಗೆ, ಇಂಥ ಕೆಲಸಕ್ಕೆ ಅಂತ ಬರೆದಿರುತ್ತದೆ. ಅದನ್ನು ಮೊದಲು ಓದಿ.